ಗಲ್ಲಾದ ಕೆಮ್ಮು

ತರಬೇತಿ ಕೊಡುವವನು ಫೋನಿನಲ್ಲಿ ಹದಿನೆಂಟು ಸಾವಿರ ಎಂದ. ನಾನು ಕೇಳಿದೆ, "ಊಟ ನಾವ ಹಾಕಿದ್ರ ಎಷ್ಟು ಕಡಿಮಿ ಆಗ್ತೈತ್ರಿ?"

"ಮೇಡಂ, ಇದರಲ್ಲಿ ಊಟದ ಲೆಕ್ಕ ಇಲ್ಲ. ಎರಡು ದಿನ ಮಾರಾಟದ ತರಬೇತಿ, ಕೊನೆಗೆ ಸರ್ಟಿಫಿಕೇಟು."

"ಸರ್ಟಿಫಿಕೇಟ್ ಬ್ಯಾಡ್ರಿ. ಅದನ್ನ ತಗದ್ರ?"

"ಹಾಗೆಲ್ಲ ತೆಗೆಯೋಕೆ ಬರಲ್ಲ ಮೇಡಂ."

"ಹಂಗಾರ ಒಂದ ದಿನ ಬರ್ರಿ. ಅರ್ಧಾ ಕಲಿಸಿ ಹೋಗ್ರಿ, ಉಳಿದಿದ್ದು ನಾವ ಹೊಂದಿಸ್ಕೋತೀವಿ."

ಆ ಮನುಷ್ಯ ಫೋನ್ ಇಟ್ಟುಬಿಟ್ಟ. ಊರಿಗೆಲ್ಲ ಮಾರಾಟ ಕಲಿಸುವವನಿಗೆ ಒಬ್ಬ ಗಿರಾಕಿಯ ಜೊತೆ ಐದು ನಿಮಿಷ ಚೌಕಾಶಿ ಮಾಡುವ ತಾಳ್ಮೆ ಇಲ್ಲ. ಇಂಥವನಿಂದ ನಾವು ಕಲಿಯುವುದೇನು ಮಣ್ಣು.

ನನ್ನ ಹೆಸರು ಮಾಸುಮಬಿ. ಲಕ್ಷ್ಮೇಶ್ವರದ ಬಜಾರದಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ, ನಮ್ಮವರು ಗೌಸಸಾಬರು ಇಟ್ಟದ್ದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಗಲ್ಲಾದ ಮೇಲೆ ಕೂರುವವಳು ನಾನು. ಲೆಕ್ಕಪತ್ರ ನನ್ನ ಮಗ ಅಝೀಮನದು. ಮಾರುವವರು ಇಬ್ಬರೇ. ಮಮತಾ ಎಂಬ ಹುಡುಗಿ ಬಂದು ಎಂಟು ತಿಂಗಳಾಗಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ, ಅದನ್ನೂ ಗಿರಾಕಿಗಲ್ಲ, ಕೈಯಲ್ಲಿರುವ ಸೀರೆಗೆ ಹೇಳುತ್ತಾಳೆ. ಇನ್ನೊಬ್ಬ ಸಕ್ರಪ್ಪ. ಅವನು ನಮ್ಮವರ ಕಾಲದಿಂದ, ಅಂದರೆ ಇಪ್ಪತ್ತೆಂಟು ವರ್ಷದಿಂದ ಇದ್ದಾನೆ.

ಸಕ್ರಪ್ಪನಿಗೆ ಕುಡಿತವಿಲ್ಲ, ಕಳ್ಳತನವಿಲ್ಲ, ಒಂದು ದಿನ ತಡವಾಗಿ ಬಂದವನಲ್ಲ. ಅವನ ದೋಷ ಒಂದೇ, ಅವನಿಗೆ ಸುಳ್ಳು ಬರುವುದಿಲ್ಲ. ಗಿರಾಕಿ ಸೀರೆ ಮುಟ್ಟಿದರೆ ಸಾಕು, ಆ ಸೀರೆಯ ಹುಳುಕೆಲ್ಲ ಇವನ ಬಾಯಿಗೆ ಬಂದು ಕೂರುತ್ತದೆ. ಇದಕ್ಕೆ ಔಷಧ ಎಂದೇ ನಾನು ಕೆಮ್ಮು ಕಂಡುಹಿಡಿದೆ. ಒಂದು ಸಲ ಕೆಮ್ಮಿದರೆ ರೇಟು ಇಳಿಸಬೇಡ ಎಂದರ್ಥ. ಎರಡು ಸಲ ಕೆಮ್ಮಿದರೆ ಬಾಯಿ ಮುಚ್ಚು. ಮೂರು ಸಲ ಕೆಮ್ಮಿದರೆ ಇವರು ಖರೆ ಗಿರಾಕಿ, ಚಹಾ ತರಿಸು. ಬಂಡವಾಳ ಬೇಡ, ಕರೆಂಟು ಬೇಡ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಇಂಥ ವ್ಯವಸ್ಥೆ ಈ ಬಜಾರದಲ್ಲಿ ಇನ್ನೊಬ್ಬರಿಗಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಒಂದು ಉದಾಹರಣೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಾನು ಅಗ್ಗಕ್ಕೆ ಸಿಕ್ಕಿತೆಂದು ಬದನೆಕಾಯಿ ಬಣ್ಣದ ನಲವತ್ತು ಸೀರೆ ತಂದೆ. ಯಾರಾದರೂ ಅದಕ್ಕೆ ಕೈ ಹಾಕಿದರೆ ಸಕ್ರಪ್ಪ ಶುರು ಮಾಡುತ್ತಿದ್ದ, "ಈ ಬಣ್ಣ ಐತಲ್ರಿ, ಇದು ನೀರಿಗೆ ಬಿತ್ತಂದ್ರ..." ನಾನು ಎರಡು ಸಲ ಕೆಮ್ಮುತ್ತಿದ್ದೆ. ಅವನು ಮಾತು ನುಂಗಿ, "ಚಲೋ ಐತ್ರಿ" ಎನ್ನುತ್ತಿದ್ದ. ಗಿರಾಕಿ ಅವನ ಮುಖ ನೋಡುತ್ತಿದ್ದಳು, ಸೀರೆ ನೋಡುತ್ತಿದ್ದಳು, ಮೆಲ್ಲಗೆ ಕೆಳಗಿಟ್ಟು ಎದ್ದು ಹೋಗುತ್ತಿದ್ದಳು. ನಲವತ್ತರಲ್ಲಿ ಒಂದೂ ಹೋಗಲಿಲ್ಲ. ತಪ್ಪೆಲ್ಲ ಸಕ್ರಪ್ಪನ ಮುಖದ್ದು ಎಂದು ನಾನು ತಿಳಿದಿದ್ದೆ.

ಮಗ ಅಝೀಮ ಒಂದು ಸಂಜೆ ಲೆಕ್ಕದ ಪುಸ್ತಕ ಮುಚ್ಚಿ ನನ್ನ ಎದುರು ಕುಳಿತ.

"ಅಮ್ಮಾ, ಇಬ್ಬರ ಪಗಾರ ಇನ್ನ ಮ್ಯಾಲೆ ಆಗೂದಿಲ್ಲ. ಸಕ್ರಪ್ಪ ಕಾಕಾಗ ಮಾರಾಕ ಬರೂದಿಲ್ಲ. ಮುಂದಿನ ತಿಂಗಳಿಂದ ಮನ್ಯಾಗ ಆರಾಮ ಇರಲಿ."

ಗಂಡ ಸತ್ತ ಮೂರನೆಯ ತಿಂಗಳು ನಾನು ಮೊದಲ ಸಲ ಈ ಅಂಗಡಿಗೆ ಬಂದಾಗ ನನಗೆ ಹತ್ತಿ ಯಾವುದು, ರೇಷ್ಮೆ ಯಾವುದು ತಿಳಿಯುತ್ತಿರಲಿಲ್ಲ. ಅಳತೆ ಪಟ್ಟಿ ಹಿಡಿಯುವುದರಿಂದ ಹಿಡಿದು ಜರಿಯ ದಾರ ಸುಟ್ಟು ಮೂಸುವುದರವರೆಗೆ ಕಲಿಸಿದವನು ಈ ಸಕ್ರಪ್ಪ. ಒಂದು ದಿನವೂ ನನ್ನನ್ನು ಗಿರಾಕಿಯ ಮುಂದೆ ದಡ್ಡಿ ಮಾಡಲಿಲ್ಲ. ಅವನಿಗೆ ಹೋಗು ಎಂದು ಹೇಳುವ ಬಾಯಿ ನನಗೆಲ್ಲಿದೆ.

"ಗುರುವಾರ ಬೆಳ್ಳಟ್ಟಿ ಅಮೃತವ್ವನ ಬಸ್ತಾ ಐತಿ," ಎಂದೆ. "ಅದನ್ನ ಅಂವ ಮಾರಿ ತೋರಿಸಿದ್ರ?"

"ಮಾರಿದ್ರ ಇರಲಿ. ಇಲ್ಲಂದ್ರ ನೀ ಏನೂ ಅನ್ನಬಾರದು."

ಬಸ್ತಾ ಎಂದರೆ ನಮ್ಮ ಕಡೆ ಮದುವೆಯ ಬಟ್ಟೆ ಖರೀದಿ. ಎರಡೂ ಕಡೆಯ ಬೀಗರು ಕ್ರೂಸರ್ ತುಂಬಿಕೊಂಡು ಬರುತ್ತಾರೆ, ಗಾದಿಯ ಮೇಲೆ ಸುತ್ತುಗಟ್ಟಿ ಕೂರುತ್ತಾರೆ, ಇಡೀ ದಿನ ಅಂಗಡಿ ತಲೆಕೆಳಗು ಮಾಡುತ್ತಾರೆ. ಅಮೃತವ್ವ ನಮ್ಮವರ ಕಾಲದ ಗಿರಾಕಿ, ಮೊಮ್ಮಗಳ ಮದುವೆ ಹಮ್ಮಿಗಿಯ ಹುಡುಗನ ಜೊತೆ ನಿಶ್ಚಯವಾಗಿತ್ತು. ಅದೊಂದು ಬಸ್ತಾ ಆದರೆ ಸಕ್ರಪ್ಪ ಉಳಿದ ಹಾಗೆ. ಅದಕ್ಕೇ ನಾನು ಆ ಹದಿನೆಂಟು ಸಾವಿರದವನಿಗೆ ಫೋನ್ ಮಾಡಿದ್ದು. ಅವನು ಇಟ್ಟ ಮೇಲೆ ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಏಳುವಷ್ಟರಲ್ಲಿ ಪುಕ್ಕಟೆ ತರಬೇತಿ ನನ್ನ ತಲೆಯಲ್ಲಿ ತಯಾರಾಗಿತ್ತು.

ಗದಗಿನಲ್ಲಿ ಮೂರು ಅಂತಸ್ತಿನ ದೊಡ್ಡ ಸೀರೆ ಅಂಗಡಿ ಆಗಿದೆ. ಅಲ್ಲಿ ಮಾಳಿಂಗರಾಯ ಎಂಬ ಸೇಲ್ಸ್‌ಮನ್ ಇದ್ದಾನೆ, ಅವನ ಎದುರು ಕುಳಿತ ಗಿರಾಕಿ ಬರಿಗೈಯಲ್ಲಿ ಎದ್ದದ್ದಿಲ್ಲ ಎಂದು ಬಜಾರದಲ್ಲೆಲ್ಲ ಮಾತು. ನಾವು ಮೂವರೂ ಸುಳ್ಳು ಬಸ್ತಾ ಮಾಡಿಕೊಂಡು ಅವನ ಮುಂದೆ ಹೋಗಿ ಕೂರುವುದು. ಅವನು ಹೇಗೆ ಮಾರುತ್ತಾನೆ ಎಂದು ಕಣ್ಣು ತುಂಬ ನೋಡುವುದು. ಮನಸ್ಸಿಗೆ ಬರಲಿಲ್ಲ ಎಂದು ಎದ್ದು ಬರುವುದು. ಬಸ್ಸು ಹೆಂಗಸರಿಗೆ ಪುಕ್ಕಟೆ ಇದೆ. ಖರ್ಚು ಎಂದರೆ ಸಕ್ರಪ್ಪನ ಟಿಕೆಟ್ ಒಂದೇ. ಆ ಟಿಕೆಟಿಗೂ ನನ್ನ ಹೊಟ್ಟೆ ಸ್ವಲ್ಪ ಉರಿಯಿತು ಅನ್ನಿ.

ಮಂಗಳವಾರ ಹೊರಟೆವು. ಮಮತಾ ಮದುಮಗಳು, ಸಕ್ರಪ್ಪ ಅವಳ ಅಪ್ಪ, ನಾನು ಓಣಿಯ ಚಾಚಿ. ಗುರುತು ಸಿಗಬಾರದೆಂದು ನಾನು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಅದರ ಮೇಲೆ ಸೆರಗು ಎಳೆದಿದ್ದೆ. ಬಸ್ಸಿನಲ್ಲಿ ಸಕ್ರಪ್ಪ ಮೂರು ಸಲ ಕೇಳಿದ, "ಅಕ್ಕಾರ, ಇದು ಖರೆನ ಮಾಡೂದೈತೇನ್ರಿ?"

"ನೀ ಬಾಯಿ ತಗೀಬ್ಯಾಡ ಸಕ್ರಪ್ಪಣ್ಣ. ಕಣ್ಣು ಅಷ್ಟ ತಗಿ. ಅಂವ ಸೀರಿ ಹೆಂಗ ಹಿಡೀತಾನ, ರೇಟು ಯಾವಾಗ ಹೇಳ್ತಾನ, ಎಲ್ಲಾ ನೋಡ್ಕೋ."

"ನಾ ಅಪ್ಪ ಅಂದ್ರ ಮಾತಾಡದ ಹೆಂಗ ಇರ್ಲಿ?"

"ಹೆಣ್ಣಿನ ಅಪ್ಪಗ ಮಾತು ಎಲ್ಲಿರ್ತಾವು? ಸುಮ್ಮ ಗೋಣು ಹಾಕು."

ಅಂಗಡಿಯ ಎರಡನೆಯ ಅಂತಸ್ತಿನಲ್ಲಿ ಬಿಳಿ ಗಾದಿಗಳ ಸಾಲು, ಮೇಲೆ ಎಸಿ, ಎಲ್ಲಿಂದಲೋ ಸಣ್ಣಗೆ ಶಹನಾಯಿ. ಮಾಳಿಂಗರಾಯ ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. ನಮ್ಮನ್ನು ನೋಡಿ, ನಮ್ಮ ಹಿಂದೆ ನೋಡಿ, ಮೆಟ್ಟಿಲ ಕಡೆಗೂ ನೋಡಿ ಕೇಳಿದ, "ಬಸ್ತಾಕ ಮೂರ ಮಂದಿ ಬಂದೀರೇನ್ರಿ?"

"ಉಳಿದವರು ಹಿಂದ ಕ್ರೂಸರ್‌ದಾಗ ಬರಾಕತ್ತ್ಯಾರ. ಪಂಕ್ಚರ್ ಆಗೇತಿ," ಎಂದೆ. ನನ್ನ ಬಾಯಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಬರ್ಲಿ, ಬರ್ಲಿ. ಕುಂಡ್ರಿ. ನಾವು ದೇವರ ಸೀರಿಯಿಂದ ಚಾಲೂ ಮಾಡೂಣು." ಅವನು ಹಸಿರು ಇಳಕಲ್ ಸೀರೆ ಒಂದನ್ನು ಎಳೆದು, ಅರಿಸಿನ ಕುಂಕುಮದ ತಟ್ಟೆಯನ್ನು ಸಕ್ರಪ್ಪನ ಮುಂದೆ ಸರಿಸಿದ. "ಮನಿದೇವರು ಯಾರ್ರಿ ಯಜಮಾನ್ರ? ಹೆಸರು ಹೇಳಿ ಕುಂಕುಮ ಹಚ್ಚಿ ಕೊಡ್ರಿ."

ನಾನು ಇಲ್ಲಿ ಎಡವಿದೆ. ಬಸ್ತಾದಲ್ಲಿ ಮೊದಲ ಸೀರೆ ಮನೆದೇವರದು. ಅದಕ್ಕೆ ಚೌಕಾಶಿ ಇಲ್ಲ, ವಾಪಸ್ಸಿಲ್ಲ. ದೇವರ ಹೆಸರು ಹೇಳಿ ಕುಂಕುಮ ಹಚ್ಚಿದರೆ ಮದುವೆ ದೇವರ ಕಿವಿಗೆ ಬಿದ್ದ ಹಾಗೆ. ನನ್ನ ಅಂಗಡಿಯಲ್ಲೂ ನಡೆಯುವುದು ಇದೇ. ಆದರೆ ಗಲ್ಲಾದ ಮೇಲೆ ಕುಳಿತವಳಿಗೆ ದೇವರ ಸೀರೆ ಎಂದರೆ ಆ ದಿನದ ಮೊದಲ ಬಿಲ್ಲು, ಅಷ್ಟೇ. ನಮ್ಮ ಪೈಕಿ ಶಾದಿ ಎಂದಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ.

ಸಕ್ರಪ್ಪ ತಟ್ಟೆ ನೋಡಿದ. ಮಮತಾಳನ್ನು ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಇದೊಂದು ನನ್ನ ಕಡೆ ಆಗೂದಿಲ್ರಿ ಅಕ್ಕಾರ" ಎಂದು ಪಿಸುಗುಟ್ಟಿ, ಎದ್ದು ನೀರಿನ ಫಿಲ್ಟರ್ ಇದ್ದ ಕಡೆಗೆ ಹೊರಟೇಬಿಟ್ಟ.

"ದೇವರ ಸೀರಿ ಕಡೀಕ ತಗೋತೀವಿ," ಎಂದೆ ನಾನು.

ಮಾಳಿಂಗರಾಯನ ಕೈ ನಿಂತಿತು. "ಕಡೀಕ ತಗೊಳ್ಳೋರನ್ನ ಇಪ್ಪತ್ತು ವರ್ಸದಾಗ ನೋಡಿಲ್ರಿ," ಎಂದ. ಆದರೂ ನಗುತ್ತಾ ಬೇರೆ ಸೀರೆ ಬಿಚ್ಚಿದ.

ಮಮತಾ ಮಾತ್ರ ಬೇರೆಯೇ ಹುಡುಗಿ ಆಗಿದ್ದಳು. ನನ್ನ ಅಂಗಡಿಯಲ್ಲಿ ಬಾಯಿ ಬಿಡದವಳು ಇಲ್ಲಿ ಒಂದೊಂದೇ ಸೀರೆ ಹೆಗಲ ಮೇಲೆ ಹಾಕಿಸಿಕೊಂಡು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, "ಇದರಾಗ ಮಾವಿನ ಚಿಗುರಿನ ಬಣ್ಣ ಐತೇನ್ರಿ? ಇದಕ ಜಂಪರ್ ಪೀಸು ಬ್ಯಾರೆ ಅಂಚಿಂದು ಬರ್ತೈತೇನ್ರಿ?" ಎಂದು ಮಾಳಿಂಗರಾಯನ ಬೆವರಿಳಿಸುತ್ತಿದ್ದಳು. ನನಗೆ ಅವಳನ್ನು ಗದರಿಸಬೇಕೋ ಮೆಚ್ಚಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಗಾದಿಯಿಂದ ಒಂದು ದನಿ ಕೇಳಿಸಿತು.

"ಏ ಸಕ್ರಪ್ಪ, ನೀ ಇಲ್ಲಿ ಏನ ಮಾಡಾಕತ್ತಿಪಾ?"

ಆ ದನಿ ಬೆಳ್ಳಟ್ಟಿ ಅಮೃತವ್ವನದು. ಸೆರಗಿನ ಸಂದಿಯಿಂದ ನೋಡಿದೆ. ಗುರುವಾರ ನನ್ನ ಅಂಗಡಿಗೆ ಬರಬೇಕಾದ ಬಸ್ತಾ ಮಂಗಳವಾರ ಇಲ್ಲಿ ಬಂದು ಕುಳಿತಿತ್ತು. ಮೊಮ್ಮಗಳು, ಸೊಸೆಯಂದಿರು, ಹಮ್ಮಿಗಿಯ ಬೀಗರು, ಒಟ್ಟು ಹದಿನೈದು ಹದಿನಾರು ಮಂದಿ. ನೀರು ಕುಡಿಯಲು ಹೋದ ಸಕ್ರಪ್ಪ ನೇರವಾಗಿ ಅವರ ಎದುರು ನಿಂತಿದ್ದ, ಕೈಯಲ್ಲಿ ಲೋಟ.

"ಮಾರೂದು ಕಲಿಯಾಕ ಬಂದೀನ್ರಿ ಅಮ್ಮಾರ," ಎಂದ. ಅವನಿಂದ ನಾನು ಬೇರೇನು ನಿರೀಕ್ಷೆ ಮಾಡಬೇಕಿತ್ತು.

"ಕಲಿಯಾಕ? ಇಷ್ಟು ವಯಸ್ಸಾದಮ್ಯಾಲೆ?" ಅಮೃತವ್ವ ಅವನ ಕೈ ಹಿಡಿದು ಗಾದಿಯ ಮೇಲೆ ಕೂರಿಸಿಕೊಂಡಳು. ಅವಳ ಮುಖದಲ್ಲೂ ಸಿಕ್ಕಿಬಿದ್ದವರ ಪೆಚ್ಚು ಇತ್ತು. "ಇರ್ಲಿ, ಬಂದಿದ್ದು ಚಲೋ ಆತು. ಈ ಧಾರಿ ಸೀರಿ ನೋಡು. ಇವರು ಪೂರಾ ರೇಷ್ಮಿ ಅಂತಾರ. ನನಗ ಕಣ್ಣು ಕಾಣಸೂದಿಲ್ಲ."

ಸಕ್ರಪ್ಪ ಲೋಟ ಕೆಳಗಿಟ್ಟು, ಕೈ ಒರೆಸಿಕೊಂಡು ಸೀರೆಯ ಪದರು ಬೆರಳಿಗೆ ಸುತ್ತಿ ನೋಡಿದ. "ರೇಷ್ಮಿ ಖರೆ ಐತ್ರಿ," ಎಂದ. "ಇಂಥಾದ್ದು ನಮ್ಮ ಅಂಗಡ್ಯಾಗ ಇಲ್ಲ."

ನಾನು ಎರಡು ಸಲ ಕೆಮ್ಮಿದೆ.

ಅವನಿಗೆ ಕೇಳಿಸಲಿಲ್ಲ. ಎಸಿಯ ಸದ್ದು, ಮೇಲೆ ಶಹನಾಯಿ, ನಡುವೆ ಹದಿನಾರು ಮಂದಿಯ ಗದ್ದಲ. "ಆದ್ರ ಜರಿ ಭಾರ ಐತ್ರಿ," ಎಂದು ಮುಂದುವರಿಸಿದ. "ಹುಡುಗಿ ಸಣ್ಣಾಕಿ ಅದಾಳ. ಇದನ್ನ ಉಟ್ಕೊಂಡು ನಾಕು ತಾಸು ಕುಂಡ್ರಾಕ ಆಗೂದಿಲ್ಲ. ಇದ ಬಣ್ಣದಾಗ ಸಣ್ಣ ಅಂಚಿಂದು ತೋರಸಾಕ ಹೇಳ್ರಿ. ರೊಕ್ಕಾನೂ ಉಳೀತಾವು, ಕೂಸೂ ಉಳೀತೈತಿ."

ನಾನು ಮತ್ತೆ ಎರಡು ಸಲ ಕೆಮ್ಮಿದೆ, ಈ ಸಲ ಎದೆಯಿಂದ. ಮಾಳಿಂಗರಾಯ ಲೋಟದಲ್ಲಿ ನೀರು ತಂದು ಕೊಟ್ಟ. "ಕೆಮ್ಮು ಭಾಳ ಐತಲ್ರಿ ಚಾಚಿ."

ಅಷ್ಟರಲ್ಲಿ ಹಮ್ಮಿಗಿಯ ಬೀಗತಿ ಇನ್ನೊಂದು ಸೀರೆ ಸಕ್ರಪ್ಪನ ಮುಂದೆ ಹಿಡಿದಳು. ಆಮೇಲೆ ಆಚೆಯ ಗಾದಿಯಲ್ಲಿ ಕುಳಿತಿದ್ದ ಗುರುತಿಲ್ಲದ ಒಬ್ಬ ಹೆಂಗಸು ತನ್ನ ಸೀರೆ ಎತ್ತಿಕೊಂಡು ಬಂದು, "ಯಪ್ಪಾ, ಇದನ್ನೂ ಒಂಚೂರು ನೋಡ್ರಿ" ಎಂದಳು. ನೋಡನೋಡುತ್ತ ಅಂಗಡಿಯ ಅರ್ಧ ಮಂದಿ ಸಕ್ರಪ್ಪನ ಸುತ್ತ ಸೇರಿದರು. ಅವನು ಒಂದನ್ನು ಬೇಡವೆಂದರೆ ಅವರು ಎರಡು ಕೊಳ್ಳುತ್ತಿದ್ದರು. ಹನ್ನೊಂದು ವರ್ಷ ನನ್ನ ಕೈಕೆಳಗೆ ಒಂದು ಸೀರೆ ಮಾರಲು ಒದ್ದಾಡಿದವನು ಇಲ್ಲಿ ಅರ್ಧ ತಾಸಿನಲ್ಲಿ ಮೂರು ಬಿಲ್ಲು ಮಾಡಿಸಿದ್ದ. ಯಾರ ಗಲ್ಲಾಕ್ಕೆ? ಬೇರೆಯವರ ಗಲ್ಲಾಕ್ಕೆ. ಎಲ್ಲ ಮರೆತು ಮತ್ತೆ ಕೆಮ್ಮಿದೆ, ಜೋರಾಗಿ.

ಅಮೃತವ್ವ ಕತ್ತು ತಿರುಗಿಸಿದಳು. "ತಡೀರಿ. ಈ ಕೆಮ್ಮು ಲಕ್ಷ್ಮೇಶ್ವರದ್ದಲ್ಲೇನು?"

ನಾನು ಸೆರಗು ಇನ್ನಷ್ಟು ಎಳೆದುಕೊಂಡೆ. ಅವಳು ಎದ್ದು ಬಂದು ನನ್ನ ಎದುರು ಕುಳಿತು, ತನ್ನ ಕೈಯಾರೆ ಮಾಸ್ಕ್ ಕೆಳಗೆ ಸರಿಸಿದಳು.

"ಮಾಸುಮಬಿ."

"ಅಮೃತವ್ವ, ಗುರುವಾರ ಬರ್ತೀನಿ ಅಂದಿದ್ರಿ."

"ಅಂದಿದ್ದೆ. ಮನಸ್ಸು ಆಗಲಿಲ್ಲ." ಅವಳು ಮುಚ್ಚುಮರೆ ಮಾಡಲಿಲ್ಲ. "ನಿನ್ನ ಅಂಗಡ್ಯಾಗ ಸಕ್ರಪ್ಪ ಏನರ ಹೇಳಾಕ ಬಾಯಿ ತಗೀತಾನ. ನೀ ಕೆಮ್ಮತಿ. ಅಂವ ನುಂಗತಾನ. ಅಂವ ನುಂಗಿದ್ದು ಏನಂತ ನಮಗ ಹೆದರಿಕಿ ಆಗ್ತೈತಿ. ಹಂತಾ ಸೀರಿ ಮನಿಗೆ ಒಯ್ಯಾಕ ಕೈ ಬರೂದಿಲ್ಲವಾ. ಬೆಳ್ಳಟ್ಟಿಯೊಳಗ ಎಲ್ಲಾರಿಗೂ ನಿನ್ನ ಕೆಮ್ಮು ಗೊತ್ತೈತಿ. ಸಣ್ಣ ಹುಡುಗರು ಆಟಕ್ಕ ಕೆಮ್ಮತಾವು."

ಹನ್ನೊಂದು ವರ್ಷದಿಂದ ಗಿರಾಕಿಗೆ ಗೊತ್ತಾಗದು ಎಂದು ಬೀಗಿದ್ದ ಗುಟ್ಟು ಬೆಳ್ಳಟ್ಟಿಯ ಮಕ್ಕಳ ಆಟವಾಗಿತ್ತು. ಪಕ್ಕದಲ್ಲಿ ಮಮತಾ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮಾಳಿಂಗರಾಯನೂ ನಗುತ್ತಿದ್ದ. "ಚಾಚಿ, ಪಂಕ್ಚರ್ ಆದ ಕ್ರೂಸರ್ ಬರೂದಿಲ್ಲಂತ ಮೊದಲ ತಿಳೀತ್ರಿ," ಎಂದ. "ಕಲಿಯಾಕ ಬಂದೀವಿ ಅಂತ ಹೇಳಿದ್ರ ಚಹಾ ಕುಡಕೊಂತ ಕಲಿಸಿ ಕಳಸ್ತಿದ್ದೆ. ಆದ್ರ ಇವರಿಗೆ ನಾ ಏನ ಕಲಿಸ್ಲಿ." ಸಕ್ರಪ್ಪನ ಕಡೆ ತಿರುಗಿದ. "ಯಜಮಾನ್ರ, ನಮ್ಮ ಮಾಲಕರಿಗೆ ನಾ ಮಾತಾಡ್ತೀನಿ. ನಿಮಗ ಈಗ ಸಿಗೂದಕಿಂತ ತಿಂಗಳಿಗೆ ಮೂರು ಸಾವಿರ ಜಾಸ್ತಿ. ಒಂದನೇ ತಾರೀಖಿಗೆ ಬರ್ರಿ."

ನಾನು ನಮ್ಮ ಅಂಗಡಿಯವನನ್ನು ತಯಾರು ಮಾಡಲು ಕರೆದುಕೊಂಡು ಬಂದು ಬೇರೆಯವರ ಗಾದಿಯ ಮೇಲೆ ಕೂರಿಸಿ ಹೋಗುವಂತಾಯಿತು. ಸಕ್ರಪ್ಪ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾಳಿಂಗರಾಯನ ನಂಬರ್ ಬರೆದ ಚೀಟಿ ಕಿಸೆಗೆ ಇಟ್ಟುಕೊಂಡ. ಅದನ್ನು ನಾನು ಕಣ್ಣಾರೆ ನೋಡಿದೆ.

ಅಮೃತವ್ವ ಸಣ್ಣ ಅಂಚಿನ ಧಾರೆ ಸೀರೆ ಅಲ್ಲೇ ಕೊಂಡಳು. ಹೊರಡುವಾಗ ನನಗೆ ಹೇಳಿದಳು, "ಮದುಮಗಳದು ಇಲ್ಲಿ ಆತು. ಆಯೇರಿ ಸೀರಿ ಎಲ್ಲಾ ಉಳದಾವು. ಗುರುವಾರ ಬರ್ತೀನಿ. ಆದ್ರ ಒಂದ ಮಾತು ಮಾಸುಮಬಿ. ಒಮ್ಮಿ ಕೆಮ್ಮಿದ್ರೂ ಎದ್ದು ಬರ್ತೀವಿ ನೋಡು."

ಆಯೇರಿ ಎಂದರೆ ಮದುವೆಯಲ್ಲಿ ನೆಂಟರಿಷ್ಟರಿಗೆ ಕೊಡುವ ಉಡುಗೊರೆ ಬಟ್ಟೆ. ಎಣಿಕೆಯಲ್ಲಿ ನೋಡಿದರೆ ಬಸ್ತಾದ ಮುಕ್ಕಾಲು ಪಾಲು ಅದೇ.

ಮೂವರೂ ವಾಪಸ್ ಬಸ್ಸು ಹಿಡಿದೆವು. ಗದಗ ದಾಟುತ್ತಲೇ ಧೂಳು ಒಳಗೆ ನುಗ್ಗಿತು. ಸಕ್ರಪ್ಪ ಎದ್ದು ನನ್ನ ಪಕ್ಕದ ಕಿಟಕಿಯ ಗಾಜು ಎಳೆದು ಮುಚ್ಚಿ ತನ್ನ ಸೀಟಿಗೆ ಹೋಗಿ ಕುಳಿತ. ಮಮತಾ ನಿದ್ದೆ ಹೋದಳು. ಶಿರಹಟ್ಟಿ ಬಿಟ್ಟ ಮೇಲೆ ಅವನು ಹಿಂದೆ ತಿರುಗಿ ಹೇಳಿದ, "ಅಕ್ಕಾರ, ಆ ಮಾಳಿಂಗರಾಯ ಹೇಳಿದ್ದು ವಿಚಾರ ಮಾಡಿದೆ. ನಾ ಗದಗಿಗೆ..."

ನನಗೆ ಕೆಮ್ಮು ಬಂತು. ಎರಡು ಸಲ. ಧೂಳಿನ ಕೆಮ್ಮು ಅದು. ಸಕ್ರಪ್ಪ ನನ್ನನ್ನು ಒಂದು ಗಳಿಗೆ ನೋಡಿದ, ಮುಂದಕ್ಕೆ ತಿರುಗಿ ಕುಳಿತ. ಲಕ್ಷ್ಮೇಶ್ವರ ಬರುವವರೆಗೆ ಬಾಯಿ ತೆಗೆಯಲಿಲ್ಲ.

ಬುಧವಾರ ಇಡೀ ದಿನ ಅವನ ಅರ್ಧ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕೇಳಲು ಧೈರ್ಯ ಬರಲಿಲ್ಲ. ಸಂಜೆ ಕಿರಾಣಿ ಅಂಗಡಿಯಿಂದ ಐದು ರೂಪಾಯಿಯ ಲವಂಗ ತಂದೆ. ಎರಡು ದವಡೆಯಲ್ಲಿಟ್ಟುಕೊಂಡರೆ ಗಂಟಲು ಸುಮ್ಮನಿರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಗುರುವಾರ ಹತ್ತು ಗಂಟೆಗೆ ಬೆಳ್ಳಟ್ಟಿಯ ಕ್ರೂಸರ್ ಬಂದು ನಿಂತಿತು. ಅಝೀಮ ಲೆಕ್ಕದ ಪುಸ್ತಕದ ಮರೆಯಿಂದ ನೋಡುತ್ತಿದ್ದ. ಅಮೃತವ್ವ ಒಳಗೆ ಬಂದವಳು ಮೊದಲು ನನ್ನ ಗಂಟಲು ನೋಡಿದಳು, ಆಮೇಲೆ ಗಾದಿಯ ಮೇಲೆ ಕುಳಿತಳು. ನಾನು ಮೂರು ಲವಂಗ ಒಟ್ಟಿಗೆ ಹಾಕಿಕೊಂಡೆ.

ಮಮತಾ ಸೀರೆ ತೋರಿಸಿದಳು, ಗದಗಿನಲ್ಲಿ ನೋಡಿದಂತೆಯೇ ಒಂದೊಂದನ್ನೂ ತನ್ನ ಹೆಗಲ ಮೇಲೆ ಹಾಕಿಕೊಂಡು. ಅಷ್ಟರಮಟ್ಟಿಗೆ ನನ್ನ ತರಬೇತಿ ನೀರಲ್ಲಿ ಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಮ್ಮಿಗಿಯ ಬೀಗತಿ 'ಅದೇನು' ಎಂದು ಕಪಾಟಿನ ಕಡೆ ಕೈ ತೋರಿಸಿದಳು. ಬದನೆಕಾಯಿ ಬಣ್ಣದ ನಲವತ್ತು. ಸಕ್ರಪ್ಪ ಒಂದು ಕಟ್ಟು ಇಳಿಸಿ ಅವಳ ಮುಂದೆ ಇಟ್ಟ.

"ಈ ಬಣ್ಣ ಐತಲ್ರಿ," ಎಂದ, "ಇದು ನೀರಿಗೆ ಬಿತ್ತಂದ್ರ..."

ಅಭ್ಯಾಸಕ್ಕೆ ಅವನು ತಾನೇ ನಿಂತ. ಗಲ್ಲಾದ ಕಡೆ ನೋಡಿದ. ಕೆಮ್ಮು ನನ್ನ ಗಂಟಲಿಗೆ ಬಂದು ನಿಂತಿತ್ತು, ಆಣೆ ಮಾಡಿ ಹೇಳುತ್ತೇನೆ. ನಾನು ಲವಂಗ ಕಚ್ಚಿದೆ. ಕಣ್ಣಲ್ಲಿ ನೀರು ಬಂತು. ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"...ಬಣ್ಣ ಬಿಡತೈತ್ರಿ," ಎಂದ ಸಕ್ರಪ್ಪ. "ಪೂರಾ ಬಿಡತೈತಿ. ಬ್ಯಾರೆ ಅರಿವಿ ಜೋಡಿ ಹಾಕಿದ್ರ ಅವೂ ಬದನಿಕಾಯಿ ಆಗ್ತಾವು."

ಬೀಗತಿ ಕೈ ಹಿಂದೆ ತೆಗೆದಳು. ಅಝೀಮ ಪುಸ್ತಕ ಮುಚ್ಚಿದ. ಮುಗಿಯಿತು ಎಂದುಕೊಂಡೆ. ಆದರೆ ಸಕ್ರಪ್ಪನ ಮಾತು ಮುಗಿದಿರಲಿಲ್ಲ.

"ಆದ್ರ ಆಯೇರಿ ಸೀರಿ ನೀರಿಗೆ ಎಲ್ಲಿ ಬೀಳತಾವ್ರಿ? ನೀವು ಕೊಟ್ಟಿದ್ದನ್ನ ಅವರು ಉಡೂದಿಲ್ಲ, ಟ್ರಂಕಿನ್ಯಾಗ ಇಡತಾರ. ಮುಂದಿನ ಮದುವ್ಯಾಗ ಇನ್ನೊಬ್ಬರಿಗೆ ಕೊಡತಾರ. ಅವರು ಮತ್ತೊಬ್ಬರಿಗೆ. ಹಂಗ ತಿರುಗಾಡೂ ಸೀರಿಗೆ ಇದು ಚಲೋ. ಮಡಿಕಿ ಮುರಿಯೂದಿಲ್ಲ, ಅಂಚು ಗಟ್ಟಿ ಐತಿ, ನೋಡಾಕ ತುಟ್ಟೀದು ಕಾಣತೈತಿ. ಯಾರರ ಉಡ್ತೀವಿ ಅಂದ್ರ ಮೊದಲ ಉಪ್ಪಿನ ನೀರಾಗ ಬ್ಯಾರೆ ನೆನಸ್ರಿ ಅಂತ ಹೇಳಿ ಕೊಡ್ರಿ. ಮತ್ತ ಬಣ್ಣ ಬಿಡೂ ಸೀರಿಗೆ ಪೂರಾ ರೇಟು ಕೊಡಬ್ಯಾಡ್ರಿ. ಒಂದಕ್ಕ ಐವತ್ತು ಕಡಿಮಿ ಕೇಳ್ರಿ."

ಕೊನೆಯ ಮಾತಿಗೆ ನಾನು ಒಂದು ಲವಂಗ ನುಂಗಿಬಿಟ್ಟೆ.

ಅಮೃತವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖರೆ ಅಂತೀನಿ. ನಾ ಕೊಟ್ಟ ಒಂದ ಸೀರಿ ಮುಂಡರಗಿ, ಕಳಸಾಪುರ ಎಲ್ಲಾ ತಿರುಗಿ ಹೋದ ವರ್ಸ ನನಗ ಆಯೇರಿ ಬಂತು. ಮಡಿಕಿ ಹಂಗ ಇತ್ತು. ಇವನ್ನ ಎಲ್ಲಾ ಕಟ್ಟಪಾ ಸಕ್ರಪ್ಪ."

ನಲವತ್ತೂ ಹೋದವು. ಅವುಗಳ ಹಿಂದೆ ಜಂಪರ್ ಪೀಸು, ಧೋತರ, ಟವೆಲ್ಲು. ಮಧ್ಯಾಹ್ನ ಮೂರಕ್ಕೆ ಕ್ರೂಸರಿನ ಮೇಲೆ ಗಂಟು ಏರಿಸಿದರು. ಇಷ್ಟು ವರ್ಷ ಸಕ್ರಪ್ಪನ ಮಾತಿನ ಮೊದಲ ಅರ್ಧ ಮಾತ್ರ ನಾನು ಕೇಳಿದ್ದೆ. ಎರಡನೆಯ ಅರ್ಧ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಮಾರಾಟವಿದ್ದದ್ದು ಅಲ್ಲಿ.

ಅಝೀಮ ಬಿಲ್ಲುಗಳನ್ನು ಕೂಡಿಸಿ ನನ್ನ ಹತ್ತಿರ ಬಂದ. "ಸಕ್ರಪ್ಪ ಕಾಕಾ ಇರಲಿ ಅಮ್ಮಾ," ಎಂದ, ತುಸು ತಲೆ ತಗ್ಗಿಸಿ. "ತರಬೇತಿಗೆ ಎಷ್ಟು ಖರ್ಚಾತು?"

"ಅವನ ಬಸ್ಸಿನ ಟಿಕೆಟ್. ಐದು ರೂಪಾಯಿ ಲವಂಗ."

ಅವನು ಅದನ್ನೂ ಬರೆದುಕೊಂಡ. ಆದರೆ ಇರಲಿ ಎಂದು ನಾವು ಹೇಳಿದರೆ ಆಯಿತೇ? ಚೀಟಿ ಇನ್ನೂ ಸಕ್ರಪ್ಪನ ಕಿಸೆಯಲ್ಲೇ ಇತ್ತು. ಸಂಜೆ ಮಮತಾ ಮನೆಗೆ ಹೋದ ಮೇಲೆ ಅವನು ಒಬ್ಬನೇ ಕುಳಿತು ಹರವಿದ ಸೀರೆ ಮಡಿಚುತ್ತಿದ್ದ. ಬಾಯಲ್ಲಿ ಹೊಸ ಲವಂಗ ಹಾಕಿಕೊಂಡು ನಾನು ಗಲ್ಲಾದಿಂದ ಇಳಿದು ಗಾದಿಯ ಅಂಚಿಗೆ ಕುಳಿತೆ.

"ಸಕ್ರಪ್ಪಣ್ಣ, ಅವತ್ತ ಬಸ್ಸಿನ್ಯಾಗ ಏನೋ ಹೇಳಾಕತ್ತಿದ್ದಿ. ನಾ ಗದಗಿಗೆ ಅಂದಿ. ಮುಂದ?"

ಅವನು ನನ್ನ ಗಂಟಲು ನೋಡಿದ. ನಾನು ಕಾದೆ.

"ನಾ ಗದಗಿಗೆ ಹೋಗ್ತೀನಿ ಅಂತ ಹೇಳಾವ ಇದ್ದೆರಿ," ಎಂದ. "ಅಝೀಮ ನನ್ನ ಬಿಡಸ್ತಾನ ಅಂತ ನನಗ ಗೊತ್ತಿತ್ತು. ನನಗ ಹೋಗು ಅಂತ ಅನ್ನೂದು ನಿಮಗ ಭಾಳ ಕಷ್ಟ ಆಗ್ತಿತ್ರಿ ಅಕ್ಕಾರ. ನೀವು ಅನ್ನೂದರೊಳಗ ನಾನ ಹೋಗಿಬಿಟ್ರ ನಿಮಗ ಹಗರ ಆಗ್ತೈತಿ ಅಂತ ಬಾಯಿ ತಗದೆ." ಒಂದು ಸೀರೆ ಮಡಿಚಿ ಪಕ್ಕಕ್ಕಿಟ್ಟ. "ನೀವು ಎರಡು ಸಲ ಕೆಮ್ಮಿದ್ರಿ. ನಾ ಸುಮ್ಮಾದೆ."

ನನಗೆ ಅಳು ಬಂತು. ಈ ಮನುಷ್ಯ ಕೆಲಸ ಹೋಗುವ ಹೊತ್ತಿನಲ್ಲೂ ನನ್ನ ಕಷ್ಟದ ಲೆಕ್ಕ ಹಾಕುತ್ತಿದ್ದ. ಆದರೂ ನನ್ನ ಹಾಳು ಬಾಯಿಗೆ ಸಲೀಸಾಗಿ ಬಂದದ್ದು ನೆಪವೇ. "ಅವತ್ತು ಧೂಳು ಭಾಳ ಇತ್ತು ಸಕ್ರಪ್ಪಣ್ಣ. ಅದಕ ಕೆಮ್ಮು ಬಂತು."

"ಕಿಟಕಿ ನಾನ ಮುಚ್ಚಿದ್ನಲ್ರಿ ಅಕ್ಕಾರ."

ನಾನು ಬಾಯಿಂದ ಲವಂಗ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಹೋಗಬ್ಯಾಡ," ಎಂದೆ.

"ಆತ್ರಿ," ಎಂದು ಅವನು ಕಿಸೆಯಿಂದ ಚೀಟಿ ತೆಗೆದು ಕಸದ ಬುಟ್ಟಿಗೆ ಹಾಕಿ, ಮುಂದಿನ ಸೀರೆ ಮಡಿಚತೊಡಗಿದ.